ಮರಿತಾಯಮ್ಮನ ಹಾಲಿಗೆ ಬಂದ ಸೊನ್ನೆ

ದಾರಿ ಕೇಳುವುದಿದ್ದರೆ ಮದ್ದೂರು ಸೀಮೆಯವರನ್ನೇ ಕೇಳಬೇಕು. ಅಷ್ಟು ಖುಷಿಯಿಂದ ದಾರಿ ಹೇಳುವ ಜನ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಹೇಳುವವರಿಗೆ ದಾರಿ ಗೊತ್ತಿರಬೇಕು ಅಂತೇನೂ ಕಟ್ಟುಪಾಡಿಲ್ಲ. ಹಿಂದೊಮ್ಮೆ ತಮಿಳುನಾಡಿನ ಲಾರಿ ಡ್ರೈವರೊಬ್ಬ ನಮ್ಮೂರ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಮಳವಳ್ಳಿಗೆ ಹೇಗೆ ಹೋಗಬೇಕು ಅಂತ ಕೇಳಿದ. ಅರಳಿಕಟ್ಟೆಯ ಮೇಲಿದ್ದ ನಾಲ್ವರು ನಾಲ್ಕು ದಿಕ್ಕಿಗೆ ಕೈ ತೋರಿಸಿದರು. ಪಾಪ, ಮರ್ಯಾದಸ್ಥ. ಯಾರ ಮಾತನ್ನೂ ತೆಗೆದುಹಾಕದೆ ನಾಲ್ಕೂ ಕಡೆ ಹೋದ. ಈಗ ಆತಗೂರಿನಲ್ಲೇ ಹೆಣ್ಣು ನೋಡಿ ಮದುವೆಯಾಗಿದ್ದಾನೆ, ಮಕ್ಕಳಾಗಿವೆ, ಮುದ್ದೆ ನುಂಗುವುದನ್ನೂ ಕಲಿತಿದ್ದಾನೆ. ಮಳವಳ್ಳಿಯನ್ನು ಮಾತ್ರ ಇನ್ನೂ ನೋಡಿಲ್ಲ. ಅವತ್ತು ಒಬ್ಬರಾದರೂ 'ಗೊತ್ತಿಲ್ಲ' ಅಂದಿದ್ದರೆ ಆ ಸಂಸಾರವೇ ಹುಟ್ಟುತ್ತಿರಲಿಲ್ಲ.

ನಾನು ಹೇಳಹೊರಟ ಸಂಗತಿಯಲ್ಲಿ ಹಾಗೆ ಕೈ ತೋರಿಸಿದ್ದು ಮನುಷ್ಯನಲ್ಲ, ಒಂದು ಕಂಪ್ಯೂಟರು.

ನಾನು ಶಿವರಾಜು. ಗೆಜ್ಜಲಗೆರೆಯಿಂದ ಒಳಗಿನ ಹಳ್ಳಿಗಳಿಗೆ ಆಟೋ ಓಡಿಸುತ್ತೇನೆ. ಊರಿನ ಹೆಸರು ಹೇಳುವುದಿಲ್ಲ. ನಾಳೆ ಅದೇ ಊರಿನವರು ನನ್ನ ಆಟೋ ಹತ್ತಬೇಕು. ಆತಗೂರು ಹೋಬಳಿಗೆ ಸೇರಿದ್ದು ಅಂದುಕೊಳ್ಳಿ, ಸಾಕು.

ನಮ್ಮೂರಲ್ಲಿ ಒಂದು ಹಾಲಿನ ಡೈರಿ ಇದೆ. ಬೆಳಿಗ್ಗೆ ಸಂಜೆ ಜನ ಕ್ಯಾನು, ಚೊಂಬು ಹಿಡಿದು ಸಾಲು ನಿಲ್ಲುತ್ತಾರೆ. ಹಾಲಿನಲ್ಲಿ ಜಿಡ್ಡು ಎಷ್ಟಿದೆ ಅನ್ನುವುದಕ್ಕೆ ಫ್ಯಾಟು ಅನ್ನುತ್ತಾರೆ. ನೀರು ಬೆರೆತಿದೆಯೋ ಇಲ್ಲವೋ ಅನ್ನುವುದಕ್ಕೆ ಡಿಗ್ರಿ. ಇವೆರಡನ್ನೂ ನೋಡಲು ಹೊಸದೊಂದು ಮಿಷನ್ನು ಬಂತು. ಒಂದು ಬಟ್ಟಲು ಹಾಲು ಕುಡಿದು, ಹಾಕಿದವರ ಹೆಸರು, ಫ್ಯಾಟು ಎಲ್ಲವನ್ನೂ ಹೆಣ್ಣುದನಿಯಲ್ಲಿ ಕೂಗಿ ಹೇಳುತ್ತಿತ್ತು.

ಮಿಷನ್ ಬಂದ ಮೇಲೆ ಪೂಜೆ ಆಗಬೇಕಲ್ಲ. ಬೂದುಗುಂಬಳ ಒಡೆದರು. ಹೊಸ ಗಾಡಿಯಾದರೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸುತ್ತಾರೆ. ಇದಕ್ಕೆ ಚಕ್ರ ಇಲ್ಲದ್ದರಿಂದ ಕಾಲುಗಳ ಕೆಳಗೆ ನಿಂಬೆಹಣ್ಣಿಟ್ಟು, ಮಿಷನ್ನನ್ನೇ ಎತ್ತಿ ಕುಕ್ಕಿದರು. ಆಮೇಲೆ ಡೈರಿಯ ಅಧ್ಯಕ್ಷರಾದ ಪುಟ್ಟಸ್ವಾಮಿ ಮೈಕು ಹಿಡಿದರು. ಅವರ ಭಾಷಣ ಶುರುವಾದಾಗ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಹೆಣ್ಣುಕರು ಹುಟ್ಟಿತು. ಭಾಷಣ ಮುಗಿಯುವ ಹೊತ್ತಿಗೆ ಆ ಕರು ಗಬ್ಬವಾಗಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ.

ಅದೆಲ್ಲವನ್ನೂ ವಿಡಿಯೊ ಮಾಡಿಸಿದ್ದರು. ಮಿಷನ್ ಕಂಪನಿಯ ಇಂಜಿನಿಯರು ಸ್ವರೂಪ್ ಅಂತ, ಮಂಡ್ಯದಿಂದ ಬೈಕಿನಲ್ಲಿ ಬರುವ ಹುಡುಗ. ಪುಟ್ಟಸ್ವಾಮಿ ಅವನ ಹೆಗಲ ಮೇಲೆ ಕೈ ಹಾಕಿ, "ನೋಡಪ್ಪ, ಮಿಸನ್ನಿನ ಪೂಜೆ ಮಿಸನ್ನಿನ ವಟ್ಟೇಲೇ ಇರ್ಲಿ. ಜನ ಸಾಲಲ್ಲಿ ನಿಂತಿರ್ತಾರಲ್ಲ, ಸುಮ್ಕೆ ನಿಂತ್ಕಳೋ ಬದ್ಲು ನೋಡ್ಕಂಡು ನಿಂತಿರ್ತಾರೆ" ಅಂದರು. ಸ್ವರೂಪ್ ನಗುನಗುತ್ತಾ ವಿಡಿಯೊವನ್ನು ಮಿಷನ್ನಿನ ಮೆಮೊರಿ ಕಾರ್ಡಿಗೆ ತುಂಬಿದ. ಆಮೇಲೆ ಸ್ವಾತಂತ್ರ್ಯ ದಿನದ ಭಾಷಣವೂ ಒಳಗೆ ಹೋಯಿತು, ರಾಜ್ಯೋತ್ಸವದ್ದೂ ಹೋಯಿತು. ಡೈರಿ ಮುಂದಿನ ಚರಂಡಿಗೆ ಕಲ್ಲುಚಪ್ಪಡಿ ಎಳೆದ ದಿನದ ಐತಿಹಾಸಿಕ ಭಾಷಣವೂ ಹೋಯಿತು. ದಿನಾ ಬೆಳಿಗ್ಗೆ ನಮ್ಮೂರ ಜನ ಪುಟ್ಟಸ್ವಾಮಿಯವರನ್ನು ಎರಡೆರಡು ನೋಡುವಂತಾಯಿತು. ಒಬ್ಬರು ಸಾಲಿನ ತಲೆಯಲ್ಲಿ, ಇನ್ನೊಬ್ಬರು ಮಿಷನ್ನಿನ ಪರದೆಯಲ್ಲಿ.

ಅಧ್ಯಕ್ಷರ ಹಾಲು ಯಾವತ್ತೂ ಮೊದಲು. ಈ ರಗಳೆ ಶುರುವಾದ ದಿನ ಬೆಳಿಗ್ಗೆಯೂ ಮಿಷನ್ನು, "ಪುಟ್ಟಸ್ವಾಮಿ, ಫ್ಯಾಟು ನಾಲ್ಕು ಪಾಯಿಂಟ್ ಎಂಟು" ಅಂತ ಕೂಗಿತು. ಅವರು ಎಂದಿನಂತೆ ಸಾಲಿನ ಕಡೆ ತಿರುಗಿ, "ಕೇಳ್ತಾ, ಎಲ್ಲಾರ್ಗೂ?" ಅಂದರು. ಕೇಳಿತ್ತು. ಮಿಷನ್ನಿಗೆ ಗಂಟಲು ಚೆನ್ನಾಗಿತ್ತು.

ಮಧ್ಯೆ ಒಂದಷ್ಟು ಜನ ಹಾಕಿದರು. ಕೊನೆಗೆ ಮರಿತಾಯಮ್ಮನ ಸರದಿ. ಕೇರಿಯ ಆಚೆ ತುದಿಯ ಮನೆ, ಎರಡು ಹಸು. ಗಂಡ ಹೋದ ಮೇಲೆ ಆ ಹಸುಗಳನ್ನು ನೆಚ್ಚಿಕೊಂಡೇ ಮಗನನ್ನು ಬೆಳೆಸಿದ ಹೆಂಗಸು. ಹಾಲು ಬಟ್ಟಲಿಗೆ ಬಿತ್ತು. ಮಿಷನ್ನು, "ಮರಿತಾಯಮ್ಮ, ಫ್ಯಾಟು" ಅಂದಿತು. ಅಷ್ಟೇ. ಪರದೆ ಕಪ್ಪಾಯಿತು. ಅಧ್ಯಕ್ಷರ ಭಾಷಣವೂ 'ರೈತನೇ ಈ ದೇಶದ' ಅನ್ನುವಲ್ಲಿ ನಿಂತುಹೋಯಿತು. ಈ ದೇಶದ ಏನು ಅನ್ನುವುದು ಇವತ್ತಿಗೂ ಊರಿಗೆ ತಿಳಿದಿಲ್ಲ.

ಅವಳ ಚೊಂಬಿನಲ್ಲಿ ಉಳಿದ ಹಾಲು ಆಗಲೇ ದೊಡ್ಡ ಕ್ಯಾನಿಗೆ, ಎಲ್ಲರ ಹಾಲಿನ ಜೊತೆ ಸೇರಿಹೋಗಿತ್ತು. ಹಳೆಯ ಗಾಜಿನ ಡಿಗ್ರಿ ಕಡ್ಡಿಯಲ್ಲಿ ನೋಡೋಣ ಅಂದರೆ, ಅದನ್ನು ಪೂಜೆಯ ದಿನವೇ ಬಾಳೆಕಂದಿನ ಜೊತೆ ತಿಪ್ಪೆಗೆ ಎಸೆದಿದ್ದರು. ಹೊಸ ಕಾಲ ಬಂದಿತ್ತಲ್ಲ.

ಸ್ವರೂಪ್ ಬಂದ. ಮಿಷನ್ನಿನ ಹೊಟ್ಟೆಯಿಂದ ಒಂದು ಫೈಲನ್ನು ಎಳೆದು ಲ್ಯಾಪ್‌ಟಾಪಿಗೆ ಹಾಕಿಕೊಂಡ. ಒಳಗಿನ ಪ್ರೋಗ್ರಾಮು ಬಿದ್ದು ಸಾಯುವಾಗ, ಆ ಗಳಿಗೆ ತನ್ನ ತಲೆಯಲ್ಲಿದ್ದುದನ್ನೆಲ್ಲ ಒಂದು ಫೈಲಿಗೆ ಸುರಿದು ಸಾಯುತ್ತದಂತೆ. ಅದಕ್ಕೆ ಕೋರ್ ಫೈಲು ಅಂತ ಹೆಸರು. ಅದನ್ನು ಕುಯ್ದು ನೋಡುವುದಕ್ಕೆ ಡಿಬಗ್ಗರ್ ಅಂತ ಒಂದು ಟೂಲು. ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರಿದ್ದ ಹಾಗೆ. ಸ್ವರೂಪ್ ಏನೋ ಕುಟ್ಟಿದ, ಪರದೆ ನೋಡಿದ, ಮುಖ ಗಂಭೀರ ಮಾಡಿಕೊಂಡ.

"ಏನಂತ್ಲಾ?" ಅಂದರು ಪುಟ್ಟಸ್ವಾಮಿ.

"ಫ್ಯಾಟ್ ಸೊನ್ನೆ ಸಾರ್. ಡಿಗ್ರಿನೂ ಸೊನ್ನೆ."

"ಸೊನ್ನೆ ಅಂದ್ರೆ?"

"ಸೊನ್ನೆ ಅಂದ್ರೆ ಹಾಲೇ ಅಲ್ಲ ಸಾರ್. ಬರೀ ನೀರು ಕೊಟ್ಟಿದ್ದಾರೆ, ಮಿಷನ್‌ಗೆ ಲೆಕ್ಕ ಸಿಕ್ಕಿಲ್ಲ, ಕ್ರ್ಯಾಶ್ ಆಗಿದೆ."

ಮರಿತಾಯಮ್ಮ ಚೊಂಬನ್ನು ಸೊಂಟಕ್ಕೆ ಒತ್ತಿಕೊಂಡು ಮುಂದೆ ಬಂದಳು. "ಅಲ್ಲ ಕಣಪ್ಪ, ನೀರು ಬೆಳ್ಳಗಿರ್ತದಾ? ನಾನ್ ಉಯ್ದಾಗ ಬೆಳ್ಳಗೇ ಇತ್ತಲ್ಲ. ನೀವೆಲ್ಲಾ ನೋಡುದ್ರಲ್ಲ."

"ಕಣ್ಗೆ ಏನ್ ಬೇಕಾದ್ರೂ ಕಾಣ್ತದೆ ಕಣಮ್ಮಿ," ಅಂದರು ಪುಟ್ಟಸ್ವಾಮಿ. "ಇದು ಕಂಪ್ಯೂಟ್ರು."

ಅಲ್ಲಿಗೆ ಮುಗಿಯಿತು. ಬೆಳ್ಳಗಿದ್ದುದನ್ನು ಕಂಡವರೆಲ್ಲ ತಮ್ಮ ಕಣ್ಣನ್ನೇ ಅನುಮಾನದಿಂದ ನೋಡಿಕೊಂಡರು. ಅವಳ ಹಾಲು ದೊಡ್ಡ ಕ್ಯಾನಿಗೆ ಬೀಳುವಾಗ ವರ್ಷಗಳಿಂದ ಮೂಗು ಮುರಿಯುತ್ತಿದ್ದ ಇಬ್ಬರು ಮೂವರಿಗಂತೂ ಆ ಸೊನ್ನೆ ಹಬ್ಬದೂಟದ ಹಾಗೆ ರುಚಿಸಿತು. ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಬೇಕಾದ ಕಷ್ಟವಿಲ್ಲ, ಸೊನ್ನೆ ಅಂದರೆ ಸಾಕು. ಭಾನುವಾರ ಸದಸ್ಯರ ಸಭೆ ಕರೆದು ಮರಿತಾಯಮ್ಮನನ್ನು ಡೈರಿಯಿಂದ ತೆಗೆದುಹಾಕುವುದು, ಅಲ್ಲಿಯವರೆಗೆ ಅವಳು ಹಾಲು ಹಾಕುವಂತಿಲ್ಲ, ಅಂತ ಅಧ್ಯಕ್ಷರು ಅಲ್ಲೇ ತೀರ್ಮಾನ ಮಾಡಿದರು.

"ತಗುದ್ರೆ ತಗೀರಿ ಗೌಡ್ರೆ," ಅಂದಳು ಮರಿತಾಯಮ್ಮ. "ನೀರಾಕುದ್ಲು ಅಂತ ಮಾತ್ರ ತಗೀಬ್ಯಾಡಿ. ಆ ಮಾತೊತ್ಕಂಡು ನಾನು ಈ ಊರ್ನಲ್ಲಿ ತಿರ್ಗಾಡಕಾಗಾಕಿಲ್ಲ."

ಮಿಷನ್ನು ಸತ್ತೇ ಇದ್ದುದರಿಂದ ಆ ವಾರವೆಲ್ಲ ಉಳಿದವರ ಹಾಲನ್ನು ಫ್ಯಾಟು ನೋಡದೆ ಬರೀ ಅಳತೆಯ ಮೇಲೆ ತೆಗೆದುಕೊಂಡರು. ಅವಳ ಹಸುಗಳ ಹಾಲನ್ನು ಕರುಗಳೇ ಕುಡಿದವು. ಎಷ್ಟು ಕುಡಿದವು ಅಂದರೆ, ಒಂದು ಕರು ನನ್ನ ಆಟೋವನ್ನು ಕೊಂಬಿಲ್ಲದ ತಲೆಯಲ್ಲೇ ಗುದ್ದಿ ಚರಂಡಿಗೆ ಕೆಡವಿತು. ನೀರು ಕುಡಿದ ಕರುವಿಗೆ ಅಷ್ಟು ಕಸುವು ಎಲ್ಲಿಂದ ಬಂತು ಅಂತ ಯಾರೂ ಯೋಚಿಸಲಿಲ್ಲ.

ಮರಿತಾಯಮ್ಮನ ಸೊಸೆ ಶಶಿರೇಖಾ ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ಮಿಷನ್ನುಗಳ ಒಳಗಿನ ಪ್ರೋಗ್ರಾಮು ಕೆಟ್ಟರೆ ಸರಿಮಾಡುವ ಕೆಲಸ. ಸಂಜೆ ನನ್ನ ಆಟೋದಲ್ಲೇ ಊರಿಗೆ ಬರುತ್ತಾಳೆ.

"ಶಿವರಾಜಣ್ಣ, ಅವತ್ತು ನೀವು ಡೈರಿ ಹತ್ರನೇ ಇದ್ರಂತೆ. ಸ್ವರೂಪ್ ಏನ್ ಟೈಪ್ ಮಾಡ್ದ, ನೋಡಿದ್ರಾ?"

ಗೊತ್ತಿಲ್ಲ ಅಂದರೆ ತಾಲ್ಲೂಕಿಗೇ ಅವಮಾನ. "ನೋಡ್ದೆ ಕಣವ್ವ. ಸೊನ್ನೆ ಬರೋ ಗುಂಡಿ ಅಂತ ಒಂದದೆ. ಅದ್ನ ಒತ್ತುದ" ಅಂದೆ.

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. "ಶನಿವಾರ ಮಂಡ್ಯಕ್ಕೆ ಹೋಗೋಣ ಅಣ್ಣ. ಆ ಫೈಲೇ ಬೇಕು ನಂಗೆ."

ಶನಿವಾರ ಹೋದೆವು. ಸ್ವರೂಪ್ ಒಳ್ಳೆಯ ಹುಡುಗ, ಬೇಡ ಅನ್ನಲಿಲ್ಲ. ಪೆನ್ ಡ್ರೈವಿಗೆ ಪ್ರೋಗ್ರಾಮಿನ ಫೈಲು, ಕೋರ್ ಫೈಲು ಎರಡನ್ನೂ ಹಾಕಿಕೊಟ್ಟು, "ಎಷ್ಟ್ ಸಲ ಬೇಕಾದ್ರೂ ನೋಡಿ ಮೇಡಂ. ಸೊನ್ನೆ ಎಲ್ಲೂ ಓಡೋಗಲ್ಲ" ಅಂದ.

ವಾಪಸ್ಸು ಬರುವಾಗ ಸರ್ವಿಸ್ ರೋಡಿನಲ್ಲಿ, ರೈಲುಹಳಿಯ ಹತ್ತಿರ, ಕಬ್ಬಿನ ಹಾಲಿನ ಗಾಡಿ ಕಂಡು ಆಟೋ ನಿಲ್ಲಿಸಿದೆ. ಶಶಿರೇಖಾ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆಗೆದಳು. ನಾನು ಎರಡು ಲೋಟ ಕುಡಿದು ಮುಗಿಸಿದರೂ ಅವಳ ಲೋಟ ಹಾಗೇ ಇತ್ತು. ರೈಲೊಂದು ಹೋಯಿತು, ಅದಕ್ಕೂ ತಲೆ ಎತ್ತಲಿಲ್ಲ. ಆಮೇಲೆ ತನ್ನಷ್ಟಕ್ಕೆ ನಕ್ಕಳು.

"ಸಿಕ್ತಾ?" ಅಂದೆ.

"ಸಿಕ್ತು. ಏನೂ ಇಲ್ಲ ಅನ್ನೋದು ಸಿಕ್ತು."

"ಅದು ನಂಗೂ ಮೊದ್ಲೇ ಅನುಮಾನ ಇತ್ತು."

"ಏನನುಮಾನ?"

"ನೀನ್ ಮುಂದ್ಕೆ ಯೋಳವ್ವ."

ಅವಳು ಲೋಟ ಕೈಗೆ ತೆಗೆದುಕೊಂಡು ಹೇಳಿದಳು. "ಪ್ರೋಗ್ರಾಮಿನ ಫೈಲಲ್ಲಿ ಸೆಕ್ಷನ್ ಅಂತ ಭಾಗಗಳಿರ್ತವೆ ಅಣ್ಣ. ಮದ್ದೂರಲ್ಲಿ ಮದುವೆ ಛತ್ರ ನೋಡಿದ್ದೀರಲ್ಲ, ಅದ್ರ ಪ್ಲಾನ್ ಇದ್ದಂಗೆ. ಅಡುಗೆಮನೆ ಇಷ್ಟುದ್ದ, ಗಂಡಿನ ಕಡೆಯವರ ರೂಮು ಇಷ್ಟಗಲ. ಪ್ಲಾನಲ್ಲಿ ರೂಮಿರುತ್ತೆ, ಒಳಗೆ ಜನ ಇರಲ್ಲ. ಕೋರ್ ಫೈಲು ಅಂದ್ರೆ ಮದುವೆ ದಿನದ ವಿಡಿಯೊ. ಅವತ್ತು ಯಾವ ರೂಮಲ್ಲಿ ಯಾರಿದ್ರು ಅಂತ ಅದ್ರಲ್ಲಿ ಸಿಗುತ್ತೆ."

"ವಿಡಿಯೊದೋನು ನಡುವೆ ಊಟಕ್ಕೆ ಎದ್ದೋಗ್ಬುಟ್ರೆ?"

"ಅಂಥದೇ ಆಗಿರೋದು. ಈ ಕೋರ್ ಫೈಲು ಅರ್ಧಕ್ಕೆ ತುಂಡಾಗಿದೆ. ತಾರೀಕು, ಸದಸ್ಯರ ಹೆಸರು, ಬೆಳಿಗ್ಗೆ ಹಾಕಿದ ಹಾಲಿನ ಲೆಕ್ಕ ಎಲ್ಲಾ ಇದ್ದಿದ್ದು ಒಂದೇ ಸೆಕ್ಷನ್‌ನಲ್ಲಿ. ಅದು ಬರೋಕೆ ಮುಂಚೆನೇ ಫೈಲು ಮುಗಿದೋಗಿದೆ. ಆ ರೂಮಲ್ಲಿ ಯಾರಿದ್ರು ಅಂತ ಸ್ವರೂಪ್ ಟೂಲನ್ನ ಕೇಳ್ದ. ಅದು ವಿಡಿಯೊದಲ್ಲಿ ಹುಡುಕ್ತು, ಸಿಗಲಿಲ್ಲ. ಸಿಗಲಿಲ್ಲ ಅಂತ ಹೇಳ್ಬೇಕಾಗಿತ್ತಾ? ಹೇಳಲಿಲ್ಲ. ಸದ್ದಿಲ್ದಂಗೆ ಪ್ಲಾನ್ ತೆಗೆದು ನೋಡ್ತು. ಪ್ಲಾನಲ್ಲಿ ರೂಮು ಖಾಲಿ. ಸೊನ್ನೆ ಅಂದ್ಬಿಡ್ತು."

"ಅಂಗಾರೆ ಆ ಟೂಲು ನಮ್ ಮದ್ದೂರ್ ಕಡೇದೇ ಕಣವ್ವ," ಅಂದೆ. "ದಾರಿ ಗೊತ್ತಿಲ್ದಿದ್ರೂ ಕೈ ತೋರುಸ್ತದೆ."

ಅವಳಿಗೆ ಕಬ್ಬಿನ ಹಾಲು ನೆತ್ತಿಗೇರಿತು.

ಆ ಟೂಲನ್ನು ಮಾಡಿದವರು ಯಾವುದೋ ದೇಶಗಳಲ್ಲಿದ್ದಾರಂತೆ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಬಹುದು. ಮನೆಗೆ ಬಂದವಳೇ ಶಶಿರೇಖಾ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತು ತಿದ್ದಿದಳು. ಇಲ್ಲದ್ದನ್ನು ಇಲ್ಲ ಅನ್ನುವುದನ್ನು ಅದಕ್ಕೆ ಕಲಿಸಿದಳು. ಮಾಡಿದವರಿಗೂ ಬರೆದು ಕಳಿಸಿದಳು. ಅವರಲ್ಲೊಬ್ಬ ಬೇಗನೇ ಉತ್ತರ ಕೊಟ್ಟ. ಇದು ಮೊದಲಿನಿಂದ ಹೀಗೇ ಇದೆ, ಸೊನ್ನೆ ನೋಡಿ ಅಭ್ಯಾಸವಾದವರಿಗೆ ತೊಂದರೆಯಾದೀತು, ಪರಿಶೀಲಿಸುತ್ತೇವೆ ಅಂತ. ನಮ್ಮ ಪಂಚಾಯಿತಿಯವರು ಅಷ್ಟು ದೂರ ಯಾವಾಗ ಹೋಗಿ ನೆಲೆಸಿದರೋ.

ಭಾನುವಾರ ಡೈರಿಯ ಅಂಗಳ ತುಂಬಿತು. ಸ್ವರೂಪ್ ಲ್ಯಾಪ್‌ಟಾಪ್ ತಂದಿದ್ದ. ಸೊನ್ನೆ ಎಲ್ಲರಿಗೂ ಕಾಣಲಿ ಅಂತ ಅಧ್ಯಕ್ಷರು ಸ್ಕೂಲಿನ ದೊಡ್ಡ ಟಿವಿಯನ್ನು ತರಿಸಿದ್ದರು. ಸದಸ್ಯರೆಲ್ಲ ಬಂದಿದ್ದರು. ಅಧ್ಯಕ್ಷರ ಹೆಂಡತಿ ಹೊಂಬಾಳಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಆ ಮನೆಯ ಹಸು ಕರೆಯುವುದು ಅವರು, ಫ್ಯಾಟು ಮಾತ್ರ ಗಂಡನದು.

ಶಶಿರೇಖಾ ಎದ್ದು ನಿಂತಳು. ಪುಟ್ಟಸ್ವಾಮಿ ಕೈ ಅಡ್ಡ ಹಿಡಿದರು. "ಸದಸ್ಯರಲ್ದೋರು ಮಾತಾಡಂಗಿಲ್ಲ ಕಣಮ್ಮ. ರೂಲ್ಸು."

"ನಾನ್ ಸದಸ್ಯೆ," ಅಂದಳು ಮರಿತಾಯಮ್ಮ. "ನನ್ ಬಾಯಿ ಅವ್ಳು. ನೀವ್ ತಗುದಾಕೋಗಂಟ ನಂಗೂ ಬಾಯದೆ."

ಜನ ಗೊಳ್ಳೆಂದರು. ನಗು ಬಂದ ಮೇಲೆ ರೂಲ್ಸು ನಿಲ್ಲುವುದಿಲ್ಲ.

"ಅವತ್ತು ಮೊದ್ಲು ಹಾಲು ಹಾಕಿದ್ದು ಯಾರು?" ಅಂತ ಶಶಿರೇಖಾ ಜನರನ್ನೇ ಕೇಳಿದಳು.

"ಅಧ್ಯಕ್ಷರು," ಅಂತ ಎಲ್ಲರೂ ಅಂದರು.

"ಫ್ಯಾಟು ಎಷ್ಟು?"

"ನಾಲ್ಕು ಪಾಯಿಂಟ್ ಎಂಟು," ಅಂತ ಇಡೀ ಅಂಗಳ ಒಂದೇ ದನಿಯಲ್ಲಿ ಹೇಳಿತು. ಮಗ್ಗಿ ಬಾರದ ನಾನೂ ಹೇಳಿದೆ. ಪುಟ್ಟಸ್ವಾಮಿ ಮೀಸೆಯ ಮೇಲೆ ಕೈಯಾಡಿಸಿಕೊಂಡರು.

"ಸ್ವರೂಪ್, ಅದನ್ನೂ ನಿಮ್ಮ ಟೂಲಿಗೆ ಕೇಳಿ."

ಸ್ವರೂಪ್ ಕುಟ್ಟಿದ. ಟಿವಿ ನೋಡಿದ. ಇನ್ನೊಮ್ಮೆ ಕುಟ್ಟಿದ. ಲ್ಯಾಪ್‌ಟಾಪನ್ನು ಮುಚ್ಚಿ ತೆಗೆದ.

"ಎಷ್ಟಂತ್ಲಾ?" ಅಂದರು ಪುಟ್ಟಸ್ವಾಮಿ.

"ಸೊನ್ನೆ ಸಾರ್."

ಮೊದಲು ಬಾಯಿ ಬಿಟ್ಟವರು ಹೊಂಬಾಳಮ್ಮ. ಗಂಡನ ಕಡೆ ತಿರುಗಿ, ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ ಅಂದರು: "ನಾನ್ ಕರ್ದು ಕೊಟ್ಟಾಗ ಗಟ್ಟಿಯಾಗೇ ಇತ್ತಲ್ಲ. ದಾರೀಲಿ ಏನ್ ಮಾಡ್ದೆ?"

"ಲೇ, ಸುಮ್ಕಿರು."

"ಕೆರೆ ಏರಿ ಮೇಲೆ ತಾನೆ ಬಂದಿದ್ದು ನೀನು?"

"ಇನ್ನೂ ಕೇಳಿ ಸ್ವರೂಪ್," ಅಂದಳು ಶಶಿರೇಖಾ. "ಈ ಡೈರಿಗೆ ಸದಸ್ಯರು ಎಷ್ಟು?"

ಸೊನ್ನೆ. ಬಂದು ಕೂತವರು ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಂಡರು.

"ಅವತ್ತಿನ ತಾರೀಕು?"

ದಿನ ಸೊನ್ನೆ, ತಿಂಗಳು ಸೊನ್ನೆ, ಇಸವಿಯೂ ಸೊನ್ನೆ.

"ಅಧ್ಯಕ್ಷರ ಹೆಸರು?"

ಟಿವಿಯಲ್ಲಿ ಏನೂ ಬರಲಿಲ್ಲ. ಬರೀ ಖಾಲಿ ಗೆರೆ. ನೀರು ಹಾಕಿದ ಅಪವಾದವನ್ನಾದರೂ ಪುಟ್ಟಸ್ವಾಮಿ ತಡೆದುಕೊಂಡಿದ್ದರು, ಈ ಖಾಲಿ ಗೆರೆಯನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತು, "ನೋಡ್ರಪ್ಪ, ನಾನು ಮೊದ್ಲಿಂದ್ಲೂ ಯೋಳ್ತಾನೇ ಇವ್ನಿ, ಈ ಕಂಪ್ಯೂಟ್ರುಗಳ್ನ ನಂಬಬ್ಯಾಡಿ ಅಂತವ" ಅಂದರು. ಯಾವಾಗ ಹೇಳಿದ್ದರು ಅಂತ ಯಾರಿಗೂ ನೆನಪಾಗಲಿಲ್ಲ. ಬಹುಶಃ ಆ ಸೊನ್ನೆ ಇಸವಿಯಲ್ಲಿ ಹೇಳಿರಬೇಕು.

ಶಶಿರೇಖಾ ಛತ್ರದ ಕಥೆಯನ್ನೇ ಎಲ್ಲರಿಗೂ ಹೇಳಿದಳು. ಪ್ಲಾನು, ವಿಡಿಯೊ, ವಿಡಿಯೊದಲ್ಲಿ ಇಲ್ಲದ ರೂಮು. ಮದುವೆ ವಿಡಿಯೊದಲ್ಲಿ ತಮ್ಮ ಮುಖ ಬಿಟ್ಟುಹೋದ ಸಿಟ್ಟು ಊರಲ್ಲಿ ಎಲ್ಲರಿಗೂ ಇರುವುದರಿಂದ ಚೆನ್ನಾಗಿಯೇ ಅರ್ಥವಾಯಿತು.

"ಅದ್ಸರಿ, ಇದ್ರ ವಿಡಿಯೊ ಯಾಕ್ ಅರ್ಧಕ್ಕೆ ನಿಂತ್ಕಂತು?" ಅಂತ ಗುಂಪಿನ ಹಿಂದಿನಿಂದ ಕರಿಯಯ್ಯ ಕೇಳಿದ. ದಿನಾ ಮರಿತಾಯಮ್ಮನ ಮುಂದೆಯೇ ಹಾಲು ಹಾಕುವ ಮುದುಕ.

ಶಶಿರೇಖಾ ಮಿಷನ್ನಿನ ಮೆಮೊರಿ ಕಾರ್ಡನ್ನು ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿದಳು. ಟಿವಿಯ ತುಂಬ ಪುಟ್ಟಸ್ವಾಮಿ ಬಂದರು. ಮೈಕು ಹಿಡಿದ ಪುಟ್ಟಸ್ವಾಮಿ, ಬಾವುಟದ ಕೆಳಗಿನ ಪುಟ್ಟಸ್ವಾಮಿ, ಕಲ್ಲುಚಪ್ಪಡಿಯ ಮೇಲೆ ಒಂದು ಕಾಲಿಟ್ಟ ಪುಟ್ಟಸ್ವಾಮಿ.

"ಕಾರ್ಡು ಪೂರ್ತಿ ಇದೇ ಇದೆ," ಅಂದಳು. "ಪ್ರತಿ ಹಾಲಿನ ಲೆಕ್ಕ ಕೂಗೋಕೆ ಮುಂಚೆ ಮಿಷನ್ನು ಅದನ್ನ ಈ ಕಾರ್ಡಿಗೆ ಬರೀಬೇಕು. ಅದಕ್ಕೆ ಒಂದಷ್ಟು ಜಾಗ ಬೇಕು. ನಮ್ಮತ್ತೆ ಹಾಲು ಹಾಕ್ದಾಗ ಅಷ್ಟು ಜಾಗ ಸಿಗಲಿಲ್ಲ, ಪ್ರೋಗ್ರಾಮು ಬಿತ್ತು. ಬೀಳುವಾಗ ತಲೇಲಿದ್ದಿದ್ದನ್ನ ಸುರಿಯೋಕೆ ಹೋಯ್ತು. ಮೂಲೇಲಿ ಚೂರುಪಾರು ಉಳಿದಿತ್ತು, ಅದೂ ಅರ್ಧಕ್ಕೇ ತುಂಬೋಯ್ತು."

"ಅಂದ್ರೆ ಸಾಯೋಕೂ ಜಾಗ ಬುಟ್ಟಿರ್ನಿಲ್ಲ ಅನ್ನು," ಅಂದ ಕರಿಯಯ್ಯ.

ಸ್ವರೂಪ್ ತನ್ನ ಶೂಗಳನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿಕೊಂಡ. ಆ ಕಾರ್ಡಿಗೆ ಭಾಷಣ ತುಂಬಿದ್ದು ಅವನ ಕೈಯೇ ಅಲ್ಲವೇ.

ಆಮೇಲೆ ಶಶಿರೇಖಾ ತಾನು ತಿದ್ದಿದ ಟೂಲನ್ನು ತೆರೆದು, ಅದೇ ಫೈಲು ಕೊಟ್ಟು, ಅತ್ತೆಯ ಹಾಲಿನ ಫ್ಯಾಟು ಕೇಳಿದಳು. ಈ ಸಲ ಸೊನ್ನೆ ಬರಲಿಲ್ಲ. ಇಂಗ್ಲಿಷಿನಲ್ಲಿ ಏನೋ ಬಂತು.

"ಏನಂತೆ?" ಅಂತ ಕರಿಯಯ್ಯ.

"ಈ ಮಾಹಿತಿ ಫೈಲಲ್ಲಿ ಇಲ್ಲ ಅಂತ."

"ಅಂಗಾರೆ ಅವತ್ತು ಫ್ಯಾಟು ಎಷ್ಟಿತ್ತವ್ವ?"

"ಗೊತ್ತಿಲ್ಲ ತಾತ."

ಊರು ತಬ್ಬಿಬ್ಬಾಯಿತು. ಅಷ್ಟು ಓದಿದವಳು, ತುಂಬಿದ ಸಭೆಯಲ್ಲಿ, ನಾಚಿಕೆಯಿಲ್ಲದೆ ಗೊತ್ತಿಲ್ಲ ಅನ್ನುತ್ತಾಳೆ. ನನ್ನ ತಿಳಿವಳಿಕೆಯಲ್ಲಿ ಆತಗೂರು ಹೋಬಳಿಯಲ್ಲಿ ಆ ಪದ ಕೇಳಿಬಂದದ್ದು ಅದೇ ಮೊದಲು.

ಪುಟ್ಟಸ್ವಾಮಿಗೆ ಅಲ್ಲೊಂದು ಸಂದು ಕಾಣಿಸಿತು. "ಗೊತ್ತಿಲ್ಲ ಅಂದ್ಮೇಲೆ ನೀರೂ ಆಗಿರ್ಬೋದಲ್ಲ? ನಂದಾರೆ ಮಿಸನ್ನೇ ಕೂಗ್ತು, ನೀವೆಲ್ಲಾ ಕೇಳಿದ್ದೀರಿ. ಅವ್ಳುದ್ನ ಯಾರ್ ಕೇಳವ್ರೆ?"

ಮೂಗು ಮುರಿಯುವ ಇಬ್ಬರು ಮೂವರು ತಲೆಯಾಡಿಸಿದರು. ಶಶಿರೇಖಾಳ ಮುಖ ಕೆಂಪಾಯಿತು. ಮರಿತಾಯಮ್ಮ ಅವಳ ಭುಜ ಒತ್ತಿ ಕೂರಿಸಿ ತಾನು ಎದ್ದಳು.

"ಆಗಿರ್ಬೋದು ಗೌಡ್ರೆ," ಅಂದಳು. "ನಂದು ಮಿಸನ್ನು ಕೂಗೋಕ್ಮುಂಚೆ ನಿಮ್ ಭಾಸಣ ಅದ್ರ ಕುತ್ಗೆ ಇಸುಕ್ಬುಡ್ತು. ಇನ್ಯಾರ್ ಕೇಳಾರು? ನಂಗೆ ಫ್ಯಾಟು ಬ್ಯಾಡ. ನಾಲ್ಕು ಅನ್ನಿ ಅಂತ್ಲೂ ಕೇಳಾಕಿಲ್ಲ. ಅವತ್ತು ಈ ಮೆಟ್ಲ ಮೇಲೆ ನಿಂತ್ಕಂಡು ನೀರಾಕವ್ಳೆ ಅಂದ್ರಲ್ಲ. ಅದೇ ಮೆಟ್ಲ ಮೇಲೆ ನಿಂತ್ಕಂಡು, ಅವ್ಳು ಏನಾಕುದ್ಲೋ ನಂಗೊತ್ತಿಲ್ಲ ಅನ್ನಿ. ಅಷ್ಟೇಯ. ಆಮೇಕೆ ಬೇಕಾದ್ರೆ ತಗುದಾಕಿ, ಮನೆಗೋಯ್ತೀನಿ."

ಇಷ್ಟೇನಾ ಅನ್ನುವ ಹಾಗೆ ಪುಟ್ಟಸ್ವಾಮಿ ಮೆಟ್ಟಿಲು ಹತ್ತಿದರು. ಗಂಟಲು ಸರಿಮಾಡಿಕೊಂಡರು. "ಈ ಸಂದರ್ಭದಲ್ಲಿ ನಾನು ಹೇಳಬಯಸುವುದೇನೆಂದರೆ," ಅಂತ ಶುರುಮಾಡಿದರು. ರೈತನ ಬಗ್ಗೆ ಹೇಳಿದರು. ವಿಜ್ಞಾನದ ಇತಿಮಿತಿಯ ಬಗ್ಗೆ ಹೇಳಿದರು. ನೀರಿನ ಮಹತ್ವ ಹೇಳಿದರು. 'ತಾಂತ್ರಿಕ ಕಾರಣಗಳಿಂದ ಖಚಿತ ಅಭಿಪ್ರಾಯಕ್ಕೆ ಬರುವುದು' ಅನ್ನುವ ತನಕ ಬಂದು ಅಲ್ಲಿಂದ ಪಕ್ಕಕ್ಕೆ ಸರಿದು ಚರಂಡಿಯ ಕಲ್ಲುಚಪ್ಪಡಿಗೆ ಹೋದರು. 'ನಂಗೆ ಗೊತ್ತಿಲ್ಲ' ಅನ್ನುವ ಎರಡು ಪದಗಳ ಹತ್ತಿರ ಬಂದಾಗಲೆಲ್ಲ ಅವರ ನಾಲಿಗೆ ಗೇಟು ಹಾಕಿದ ರೈಲ್ವೆ ಕ್ರಾಸಿಂಗಿನ ಮುಂದೆ ನಿಂತ ಎತ್ತಿನಂತೆ ನಿಂತುಬಿಡುತ್ತಿತ್ತು. ನೆರಳು ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಯಿತು. ನನ್ನ ಗಡ್ಡ ಬೆಳೆದದ್ದು ನನಗೇ ಗೊತ್ತಾಯಿತು.

"ಅನ್ನಿ ಅತ್ಲಾಗೆ," ಅಂದರು ಕೊನೆಗೆ ಹೊಂಬಾಳಮ್ಮ. "ಮದ್ವೆಯಾದಾಗ್ಲಿಂದ ಕಾಯ್ತಾ ಇವ್ನಿ, ಈ ಮಾತು ಒಂದ್ಸಲನಾರ ಕೇಳಾನ ಅಂತವ."

ಪುಟ್ಟಸ್ವಾಮಿ ಮೆಟ್ಟಿಲನ್ನೇ ನೋಡಿಕೊಂಡು, ಸತ್ಯನಾರಾಯಣ ಪೂಜೆಯಲ್ಲಿ ಗೋತ್ರ ಹೇಳುವಷ್ಟು ಸಣ್ಣ ದನಿಯಲ್ಲಿ, "ಮರಿತಾಯಮ್ಮ ಅವತ್ತು ಏನಾಕುದ್ಲೋ ನಂಗೊತ್ತಿಲ್ಲ" ಅಂದರು.

ಮರಿತಾಯಮ್ಮ ಜನರ ಕಡೆ ತಿರುಗಿದಳು.

"ಕೇಳ್ತಾ, ಎಲ್ಲಾರ್ಗೂ?"

ತೆಗೆದುಹಾಕುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎತ್ತಬೇಕಾದವರು ನೀರು ಕುಡಿಯಲು ಒಳಗೆ ಹೋಗಿದ್ದರು.

ಮಿಷನ್ನು ಮತ್ತೆ ನಡೆಯಬೇಕಾದರೆ ಕಾರ್ಡು ಖಾಲಿಯಾಗಬೇಕಿತ್ತು. ಶಶಿರೇಖಾ ಎಲ್ಲ ಭಾಷಣಗಳನ್ನೂ ಆರಿಸಿ, ಅತ್ತೆಯನ್ನು ಕರೆದು, ಯಾವ ಗುಂಡಿ ಒತ್ತಬೇಕು ಅಂತ ತೋರಿಸಿದಳು. ಮರಿತಾಯಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹಸುವಿನ ಹಣೆಗೆ ಕುಂಕುಮ ಇಡುವಷ್ಟು ಭಕ್ತಿಯಿಂದ ಒತ್ತಿದಳು. ಅಂಗಳದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ಸ್ವರೂಪ್ ಅಂತ ನನ್ನ ಗುಮಾನಿ.

ಆ ಸಂಜೆ ಮಿಷನ್ನಿನ ಮುಂದೆ ಸಾಲಿತ್ತು. ಪರದೆಯಲ್ಲಿ ಯಾರೂ ಇರಲಿಲ್ಲ, ಆದರೂ ಎಲ್ಲರೂ ಅದನ್ನೇ ನೋಡುತ್ತಿದ್ದರು. ಮರಿತಾಯಮ್ಮ ಚೊಂಬು ಬಗ್ಗಿಸಿದಳು. ಮಿಷನ್ನು "ಮರಿತಾಯಮ್ಮ, ಫ್ಯಾಟು" ಅಂದು ಒಂದು ಗಳಿಗೆ ಸುಮ್ಮನಾಯಿತು. ಶಶಿರೇಖಾ ನನ್ನ ತೋಳು ಹಿಡಿದುಕೊಂಡ ಬಿಗಿಗೆ ಐದು ಬೆರಳೂ ಮೂಡಿದವು.

"ನಾಲ್ಕು ಪಾಯಿಂಟ್ ಒಂಬತ್ತು," ಅಂದಿತು ಮಿಷನ್ನು.

ಪುಟ್ಟಸ್ವಾಮಿ ಸಾಲು ಕರಗುವ ತನಕ ಕಾದು, ಚಪ್ಪಲಿಯಿಂದ ನೆಲ ಕೆರೆಯುತ್ತಾ ಶಶಿರೇಖಾಳ ಹತ್ತಿರ ಬಂದರು. "ಅಲ್ಲ ಕಣಮ್ಮ, ಆ ಭಾಸಣಗಳು. ಅಳುಸ್ಬುಟ್ರಲ್ಲ. ಎಂಗಾರ ಮಾಡಿ ವಾಪಸ್ ಬರ್ಸೋಕಾಯ್ತದಾ?"

ಶಶಿರೇಖಾ ಅವರನ್ನು ನೋಡಿದಳು, ಖಾಲಿ ಪರದೆಯನ್ನು ನೋಡಿದಳು.

"ಗೊತ್ತಿಲ್ಲ ಅಧ್ಯಕ್ಷರೆ," ಅಂದಳು.

ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲವೇ ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ಕೇಳಿದರೆ ಹೇಳಿಯೇಬಿಡುತ್ತೇನೆ.